ಅಂಶ ಸಿಕ್ಕಿತು, ಛೇದ ಎಲ್ಲಿ?

ಈ ಸಲದ ಅಂಚೆಯಲ್ಲಿ ಒಂದೇ ವಿಷಯದ ಮೇಲೆ ಆರು ಪತ್ರಗಳಿವೆ. ಯಾವ ಕಡಲು, ಯಾವ ವರ್ಷ ಎಂಬುದನ್ನು ಯಾರೂ ಹೇಳದ ಶಾರ್ಕ್ ವಿಡಿಯೊವೊಂದು ಮೊದಲು ಮೊಬೈಲುಗಳಲ್ಲಿ ಹರಿದಾಡಿ, ಆಮೇಲೆ ಟಿ.ವಿ. ಪರದೆಗೂ ಏರಿದ್ದೇ ಅವಕ್ಕೆಲ್ಲ ಮೂಲ. ಸಮುದ್ರ ನೋಡಬೇಕೆಂದರೆ ಅರಬೈಲು ಘಟ್ಟ ಇಳಿದು ಹೋಗಬೇಕಾದ ನಮ್ಮ ಊರುಗಳಿಂದ ಶಾರ್ಕ್ ಕುರಿತು ಇಷ್ಟು ಪತ್ರಗಳು ಬಂದಿರುವುದರಿಂದ, ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಿಂದ ಪ್ರತಿ ಡಿಸೆಂಬರಿನಲ್ಲಿ ಮಕ್ಕಳನ್ನು ಗೋಕರ್ಣ, ಮುರ್ಡೇಶ್ವರಗಳಿಗೆ ಪ್ರವಾಸ ಕರೆದೊಯ್ಯುತ್ತೇವೆ. ಈ ಬಾರಿ ಪಾಲಕರ ಸಭೆಯಲ್ಲಿ ಒಬ್ಬರು ಆ ವಿಡಿಯೊ ತೋರಿಸಿದರು. ಅದನ್ನು ನೋಡಿ ಹಲವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಶಾರ್ಕ್ ದಾಳಿ ನಿಜವಾಗಿಯೂ ಹೆಚ್ಚಾಗಿದೆಯೇ, ಅಥವಾ ಹೆಚ್ಚಾಗಿರುವುದು ಸುದ್ದಿಯೇ?
(ಶಿಕ್ಷಕಿ, ಸಪ್ತಾಪುರ, ಧಾರವಾಡ)

ಉತ್ತರ: ಹೆಚ್ಚಾಗಿರುವುದು ಸುದ್ದಿ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ ಸೇರಿದ ಪ್ರಕೃತಿ ವಸ್ತುಸಂಗ್ರಹಾಲಯವು ಜಗತ್ತಿನ ಎಲ್ಲ ಕಡೆಯ ಶಾರ್ಕ್ ಕಡಿತಗಳ ದಾಖಲೆಯನ್ನು ದಶಕಗಳಿಂದ ಇಡುತ್ತ ಬಂದಿದೆ. ಮನುಷ್ಯ ತಾನಾಗಿ ಕೆಣಕದೆ ಇದ್ದಾಗ ಆದ ಕಡಿತಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಆ ದಾಖಲೆಯ ಪ್ರಕಾರ ಇಡೀ ಪ್ರಪಂಚದಲ್ಲಿ 2023ರಲ್ಲಿ 69 ಮತ್ತು 2024ರಲ್ಲಿ 47 ಪ್ರಕರಣಗಳಾಗಿವೆ. ಅವುಗಳಲ್ಲಿ ಸತ್ತವರು ಕ್ರಮವಾಗಿ 10 ಮತ್ತು 4 ಮಂದಿ. ಈ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಸಾವುಗಳಂಥ ಚಿಕ್ಕ ಸಂಖ್ಯೆಯಲ್ಲಿ ಆರು ಒಂಬತ್ತಾದರೂ ‘ಶೇಕಡಾ ಐವತ್ತು ಏರಿಕೆ’ ಎಂದು ಬರೆಯಲು ಬರುತ್ತದೆ, ಮತ್ತು ಹಾಗೆ ಬರೆದವರು ಇದ್ದಾರೆ.

ಬರೆದವರಲ್ಲಿ ನಾನೂ ಒಬ್ಬ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. 2001ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಪತ್ರಿಕೆಯೊಂದರ ರಾತ್ರಿ ಪಾಳಿಯ ಉಪಸಂಪಾದಕನಾಗಿದ್ದೆ. ಆ ವರ್ಷ ಜುಲೈ 6ರಂದು ಫ್ಲೋರಿಡಾದ ಪೆನ್ಸಕೋಲಾ ಬಳಿ ಎಂಟು ವರ್ಷದ ಹುಡುಗನೊಬ್ಬನ ತೋಳನ್ನು ಶಾರ್ಕ್ ಕಡಿದು ಹಾಕಿತು. ಅವನ ಚಿಕ್ಕಪ್ಪ ಆ ಮೀನನ್ನು ದಡಕ್ಕೆ ಎಳೆದು ತಂದರು, ವೈದ್ಯರು ತೋಳನ್ನು ಮತ್ತೆ ಜೋಡಿಸಿದರು. ಯಾವ ಓದುಗನೂ ಮರೆಯಲಾರದ ಕಥೆ ಅದು. ಅಲ್ಲಿಂದ ಮುಂದೆ ಅಮೆರಿಕದ ಟಿ.ವಿ. ವಾಹಿನಿಗಳು ಯಾವ ತೀರದಲ್ಲಿ ಯಾರಿಗೆ ಗೀರು ಬಿದ್ದರೂ ಸುದ್ದಿ ಮಾಡಿದವು. ಟೈಮ್ ವಾರಪತ್ರಿಕೆ ಜುಲೈ ಕೊನೆಯ ಸಂಚಿಕೆಯ ಮುಖಪುಟದಲ್ಲಿ ಆ ಬೇಸಿಗೆಯನ್ನೇ ‘ಶಾರ್ಕ್ ಬೇಸಿಗೆ’ ಎಂದು ಕರೆಯಿತು. ಏಜೆನ್ಸಿಯಿಂದ ನಮ್ಮ ಡೆಸ್ಕಿಗೂ ದಿನಕ್ಕೊಂದು ಕಾಪಿ ಬರುತ್ತಿತ್ತು. ವಿದೇಶ ಪುಟದ ಮೂಲೆಯಲ್ಲಿ ಜಾಗ ಉಳಿದಾಗ ಎರಡು ಪ್ಯಾರಾ ತುಂಬಿ, ‘ನರಭಕ್ಷಕ ಶಾರ್ಕ್: ಮತ್ತೊಂದು ದಾಳಿ’ ಎಂದು ತಲೆಬರಹ ಕೊಟ್ಟು ಪುಟ ಬಿಡುತ್ತಿದ್ದೆ. ವಾಸ್ತವದಲ್ಲಿ ಆ ವರ್ಷದ ಒಟ್ಟು ಕಡಿತಗಳು ಹಿಂದಿನ ವರ್ಷಕ್ಕಿಂತ ಕಡಿಮೆಯಾಗಿದ್ದವು; ಸಾವುಗಳಂತೂ 2000ನೇ ವರ್ಷದ ಅರ್ಧದಷ್ಟೂ ಇರಲಿಲ್ಲ. ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದವು, ಮರುದಿನದಿಂದ ಶಾರ್ಕ್ ಸುದ್ದಿ ನಿಂತುಹೋಯಿತು. ಮೀನುಗಳು ಮಾತ್ರ ಎಲ್ಲಿದ್ದವೋ ಅಲ್ಲೇ ಇದ್ದವು.

ಓದುಗರ ಮನಸ್ಸಿನಲ್ಲಿ ಇದರಿಂದ ಏನಾಗುತ್ತದೆ ಎಂಬುದನ್ನು ಏಮಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ ಎಂಬ ಮನೋವಿಜ್ಞಾನಿಗಳು 1973ರಷ್ಟು ಹಿಂದೆಯೇ ವಿವರಿಸಿದ್ದರು. ಒಂದು ಘಟನೆ ಎಷ್ಟು ಸಲ ನಡೆಯುತ್ತದೆ ಎಂದು ನಮ್ಮನ್ನು ಯಾರಾದರೂ ಕೇಳಿದರೆ ನಾವು ಎಣಿಸಲು ಹೋಗುವುದಿಲ್ಲ. ಅದರ ಉದಾಹರಣೆ ಎಷ್ಟು ಬೇಗ ನೆನಪಿಗೆ ಬರುತ್ತದೆ ಎಂಬುದನ್ನು ನೋಡಿ, ಬೇಗ ಬಂದದ್ದನ್ನು ಹೆಚ್ಚು ಎಂದುಕೊಳ್ಳುತ್ತೇವೆ. ತಮ್ಮ ಸಭೆಯಲ್ಲಿ ಆದದ್ದು ಇದೇ. ಪಾಲಕರ ಕಣ್ಣ ಮುಂದೆ ಶಾರ್ಕಿನ ಬಾಯಿ ಇತ್ತು. ಅದೇ ದಿನ ಅದೇ ಕಡಲಿಗಿಳಿದು, ಒದ್ದೆ ಬಟ್ಟೆಯಲ್ಲಿ ಚುರುಮುರಿ ತಿಂದು ಮನೆಗೆ ಮರಳಿದ ಲಕ್ಷಾಂತರ ಜನ ಯಾವ ವಿಡಿಯೊದಲ್ಲೂ ಇರಲಿಲ್ಲ. ತಾವು ಶಿಕ್ಷಕಿಯಾದ್ದರಿಂದ ಭಿನ್ನರಾಶಿಯ ಭಾಷೆಯಲ್ಲಿ ಹೇಳುತ್ತೇನೆ: ಸುದ್ದಿ ನಮಗೆ ಅಂಶವನ್ನು ಕೊಡುತ್ತದೆ, ಛೇದವನ್ನು ಕೊಡುವುದಿಲ್ಲ. ಗೆರೆಯ ಮೇಲೆ ‘ಒಬ್ಬ’ ಎಂದಿರುತ್ತದೆ, ಗೆರೆಯ ಕೆಳಗೆ ಖಾಲಿ ಇರುತ್ತದೆ, ಮತ್ತು ಆ ಖಾಲಿ ಜಾಗವನ್ನು ನಮ್ಮ ಭಯ ತನಗೆ ಬೇಕಾದ ಸಂಖ್ಯೆಯಿಂದ ತುಂಬಿಕೊಳ್ಳುತ್ತದೆ.

ಆದರೆ ಪಾಲಕರನ್ನು ‘ಹೆದರಬೇಡಿ’ ಎಂದು ಕಳುಹಿಸಿಬಿಡಬೇಡಿ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಿನಲ್ಲಿ, ಮುಳಬಾಗಿಲಿನಿಂದ ಪ್ರವಾಸ ಬಂದಿದ್ದ ವಸತಿಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಅಲ್ಲಿ ಶಾರ್ಕ್ ಇರಲಿಲ್ಲ, ಅಲೆಯ ಸೆಳವು ಇತ್ತು. ನಮ್ಮ ದೇಶದಲ್ಲಿ ನೀರಿನಲ್ಲಿ ಮುಳುಗಿ ಸಾಯುವವರು ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಎಂದು ಅಪರಾಧ ದಾಖಲೆಗಳ ರಾಷ್ಟ್ರೀಯ ಬ್ಯೂರೊ ಹೇಳುತ್ತದೆ. ಕೆರೆ, ಬಾವಿ, ಕಾಲುವೆ, ಹೊಳೆಗಳೆಲ್ಲ ಆ ಲೆಕ್ಕದಲ್ಲಿವೆ. ಪಾಲಕರು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ತೀರದಲ್ಲಿ ಜೀವರಕ್ಷಕರು ಇದ್ದಾರೆಯೇ, ಕೆಂಪು ಬಾವುಟ ಹಾರಿಸಿದ ದಿನ ಮಕ್ಕಳನ್ನು ನೀರಿಗೆ ಬಿಡುವುದಿಲ್ಲವಷ್ಟೇ, ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು ಇರುತ್ತಾರೆ, ಸೆಳವಿಗೆ ಸಿಕ್ಕವರು ಅದರ ಎದುರಿಗೆ ಈಜದೆ ದಡಕ್ಕೆ ಸಮಾಂತರವಾಗಿ ಸರಿದು ಹೊರಬರಬೇಕೆಂಬುದನ್ನು ಮಕ್ಕಳಿಗೆ ಹೇಳಿಕೊಟ್ಟಿದ್ದಾರೆಯೇ. ಇವುಗಳಿಗೆ ಉತ್ತರ ಸಿಗದಿದ್ದರೆ ಸಹಿ ಹಾಕದಿರುವುದೇ ಸರಿ. ಕಾರಣ ಮಾತ್ರ ಶಾರ್ಕ್ ಆಗಬಾರದು.

ಪ್ರಶ್ನೆ: ನಾನು ಪತ್ರಿಕೋದ್ಯಮದ ವಿದ್ಯಾರ್ಥಿ. ಶಾರ್ಕ್ ಸುದ್ದಿಯನ್ನು ಆ ಊರಿನ ಸ್ಥಳೀಯ ಪತ್ರಿಕೆ ಬರೆಯುವುದಕ್ಕೂ ದೂರದ ಪತ್ರಿಕೆ ಬರೆಯುವುದಕ್ಕೂ ವ್ಯತ್ಯಾಸವಿದೆಯೇ? ವರದಿಗಾರರ ಪದಗಳಿಂದ ಜನಾಭಿಪ್ರಾಯ ನಿಜಕ್ಕೂ ಬದಲಾಗುತ್ತದೆಯೇ?
(ವಿದ್ಯಾರ್ಥಿ, ಕರ್ನಾಟಕ ವಿಶ್ವವಿದ್ಯಾಲಯ ಆವರಣ, ಧಾರವಾಡ)

ಉತ್ತರ: ಮೊದಲು ಪದಗಳ ವಿಷಯ. 1916ರ ಜುಲೈ ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಅಮೆರಿಕದ ನ್ಯೂಜೆರ್ಸಿ ತೀರದಲ್ಲಿ ಶಾರ್ಕ್ ಕಡಿತದಿಂದ ನಾಲ್ವರು ಸತ್ತರು. ಮೊದಲನೆಯ ಸಾವನ್ನು ನ್ಯೂಯಾರ್ಕಿನ ಪ್ರಮುಖ ಪತ್ರಿಕೆಯೊಂದು ಹಿಂದಿನ ಪುಟದಲ್ಲಿ, ‘ಮೀನಿನ ದಾಳಿ’ ಎಂಬ ಸಾಧಾರಣ ತಲೆಬರಹದೊಂದಿಗೆ ಹಾಕಿತ್ತು. ಎರಡನೆಯ ಸಾವು ಮುಖಪುಟಕ್ಕೆ ಬಂತು. ಆ ಎರಡು ವಾರಗಳಲ್ಲಿ ‘ಮೀನು’ ಎಂಬುದು ‘ನರಭಕ್ಷಕ’ವಾಯಿತು, ಮತ್ತು ಆ ವಿಶೇಷಣವನ್ನು ನಾವು ಇಂದಿಗೂ ಕಳಚಿಟ್ಟಿಲ್ಲ.

ಸಿಡ್ನಿ ವಿಶ್ವವಿದ್ಯಾಲಯದ ಕ್ರಿಸ್ಟಫರ್ ನೆಫ್ ಮತ್ತು ಫ್ಲೋರಿಡಾದ ಶಾರ್ಕ್ ತಜ್ಞ ರಾಬರ್ಟ್ ಹ್ಯೂಟರ್ 2013ರಲ್ಲಿ ಒಂದು ಪ್ರಸ್ತಾಪ ಮುಂದಿಟ್ಟರು. ‘ಶಾರ್ಕ್ ದಾಳಿ’ ಎಂಬ ಒಂದೇ ಚೀಲದಲ್ಲಿ ಎಲ್ಲವನ್ನೂ ತುಂಬುವ ಬದಲು ಕಾಣಿಸಿಕೊಂಡದ್ದು, ಗಾಯವಿಲ್ಲದೆ ಎದುರಾದದ್ದು, ಕಡಿದದ್ದು, ಕಡಿದು ಪ್ರಾಣ ಹೋದದ್ದು ಎಂದು ನಾಲ್ಕು ಬಗೆಯಾಗಿ ವರದಿ ಮಾಡಬೇಕು ಎಂಬುದು ಅವರ ವಾದ. ಈ ವಾದಕ್ಕೆ ಆಧಾರವಿತ್ತು: ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ‘ದಾಳಿ’ ಎಂದು ದಾಖಲಾಗಿದ್ದ ಪ್ರಕರಣಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚಿನವುಗಳಲ್ಲಿ ಯಾರಿಗೂ ಗಾಯವೇ ಆಗಿರಲಿಲ್ಲ. ಅಲೆಯ ಮೇಲೆ ಆಡುವವರ ಹಲಗೆಯ (ಸರ್ಫ್‌ಬೋರ್ಡ್) ತುದಿಯನ್ನು ಕಚ್ಚಿ ಹೋದದ್ದೂ ದಾಳಿಯೇ, ಕಾಲು ಹೋದದ್ದೂ ದಾಳಿಯೇ ಎಂದಾದ ಮೇಲೆ, ಓದುಗನಿಗೆ ಎರಡನ್ನೂ ಬೇರ್ಪಡಿಸುವ ದಾರಿ ಉಳಿಯುವುದಿಲ್ಲ.

ಸ್ಥಳೀಯ ಮತ್ತು ದೂರದ ಪತ್ರಿಕೆಗಳ ನಡುವಿನ ವ್ಯತ್ಯಾಸವನ್ನು ನೋಡಲು ಫ್ಲೋರಿಡಾದ ವೊಲೂಸಿಯಾ ಜಿಲ್ಲೆ ಒಳ್ಳೆಯ ಜಾಗ. ಆ ರಾಜ್ಯದಲ್ಲಿ ಅತಿ ಹೆಚ್ಚು ಕಡಿತಗಳಾಗುವುದು ಅಲ್ಲಿಯೇ. ಹಾಗಾಗಿ ಹೊರಗಿನ ಮಾಧ್ಯಮಗಳು ಅದನ್ನು ‘ಶಾರ್ಕ್ ಕಡಿತದ ರಾಜಧಾನಿ’ ಎನ್ನುತ್ತವೆ. ಆದರೆ ಅಲ್ಲಿ ಶಾರ್ಕ್ ಕಡಿತದಿಂದ ಒಬ್ಬರೂ ಸತ್ತ ದಾಖಲೆಯಿಲ್ಲ. ಅಲೆಯ ಮೇಲೆ ಹಲಗೆಯಾಡುವವರು ಆ ತೀರದಲ್ಲಿ ಬಹಳ, ನೀರು ಕದಡಿರುತ್ತದೆ, ಸಣ್ಣ ಜಾತಿಯ ಶಾರ್ಕುಗಳು ಚಿಕ್ಕ ಮೀನು ಬೆನ್ನಟ್ಟುವಾಗ ಪಾದವನ್ನು ಮೀನೆಂದು ತಪ್ಪಾಗಿ ಹಿಡಿದು ಬಿಟ್ಟು ಹೋಗುತ್ತವೆ. ಆ ಊರಿನ ಹಲಗೆಯಾಟದವರು ಹೊಲಿಗೆ ಹಾಕಿಸಿಕೊಂಡು ಮತ್ತೆ ನೀರಿಗಿಳಿಯುತ್ತಾರೆ. ದಿನವೂ ಕಡಲನ್ನು ನೋಡುವವರ ತಲೆಯಲ್ಲಿ ಛೇದ ತಾನಾಗಿಯೇ ಇರುತ್ತದೆ. ಸಾವಿರ ಮೈಲಿ ಆಚೆ ಕುಳಿತವರಿಗೆ ತಲೆಬರಹವೊಂದೇ ಇರುತ್ತದೆ.

ಇದರ ಅರ್ಥ ಸ್ಥಳೀಯ ಮಾಧ್ಯಮ ಸದಾ ಸಮಚಿತ್ತದಿಂದ ಇರುತ್ತದೆ ಎಂದಲ್ಲ. ಪಶ್ಚಿಮ ಆಸ್ಟ್ರೇಲಿಯದಲ್ಲಿ 2010ರಿಂದ 2013ರ ನಡುವೆ ಏಳು ಸಾವುಗಳಾದವು. ಅಷ್ಟು ಕಡಿಮೆ ಅವಧಿಗೆ ಅದು ಆ ರಾಜ್ಯದ ಮಟ್ಟಿಗೆ ಖಂಡಿತ ದೊಡ್ಡ ಸಂಖ್ಯೆಯೇ. ಪ್ರತಿ ಸಾವಿನ ಬೆನ್ನಿಗೇ ‘ಸರ್ಕಾರ ಏನು ಮಾಡುತ್ತಿದೆ’ ಎಂಬ ಸುದ್ದಿ ಬಂತು, ಮತ್ತು ಸರ್ಕಾರ ಏನಾದರೂ ಮಾಡಲೇಬೇಕಾಯಿತು. 2014ರ ಜನವರಿಯಿಂದ ಏಪ್ರಿಲ್‌ವರೆಗೆ ಜನಪ್ರಿಯ ತೀರಗಳ ಬಳಿ ದೊಡ್ಡ ಗಾಳ ಕಟ್ಟಿದ ಡ್ರಮ್ಮುಗಳನ್ನು ತೇಲಿಬಿಟ್ಟರು. 172 ಶಾರ್ಕುಗಳು ಸಿಕ್ಕವು, 68ನ್ನು ಕೊಂದರು. ಜನರನ್ನು ಕೊಂದದ್ದು ದೊಡ್ಡ ಬಿಳಿ ಶಾರ್ಕ್ ಎಂಬ ನಂಬಿಕೆಯ ಮೇಲೆ ನಡೆದ ಈ ಬೇಟೆಯಲ್ಲಿ ಒಂದೇ ಒಂದು ಬಿಳಿ ಶಾರ್ಕ್ ಸಿಗಲಿಲ್ಲ. ಅದೇ ವರ್ಷ ಅಲ್ಲಿನ ಪರಿಸರ ಪ್ರಾಧಿಕಾರ ಯೋಜನೆಯನ್ನು ಮುಂದುವರಿಸಬಾರದೆಂದು ಹೇಳಿತು. ಪದಗಳಿಂದ ಅಭಿಪ್ರಾಯ, ಅಭಿಪ್ರಾಯದಿಂದ ಸರ್ಕಾರಿ ಆದೇಶ ಹುಟ್ಟುವ ದಾರಿ ಎಷ್ಟು ಚಿಕ್ಕದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ಹೊಸ ತೊಡಕೂ ಇದೆ. ಆಸ್ಟ್ರೇಲಿಯದ ತೀರಗಳಲ್ಲಿ ಈಗ ಡ್ರೋನ್ ಹಾರಿಸಿ ಶಾರ್ಕ್ ಹುಡುಕುತ್ತಾರೆ. ಹುಡುಕಿದರೆ ಕಾಣುತ್ತವೆ, ಕಂಡರೆ ಅದೊಂದು ಸುದ್ದಿ. ಹಿಂದೆಯೂ ಅವು ಈಜುವವರ ಪಕ್ಕದಲ್ಲೇ ಹಾದು ಹೋಗುತ್ತಿದ್ದವು, ಮೇಲಿನಿಂದ ನೋಡುವವರು ಇರಲಿಲ್ಲ. ಕಂಡ ಸಂಖ್ಯೆ ಹೆಚ್ಚಾದದ್ದನ್ನು ಅಪಾಯ ಹೆಚ್ಚಾಯಿತೆಂದು ಬರೆಯುವ ವರದಿಗಾರರಾಗಬೇಡಿ.

ಪ್ರಶ್ನೆ: ಶಾರ್ಕಿಗಿಂತ ತೆಂಗಿನಕಾಯಿ ತಲೆಗೆ ಬಿದ್ದು ಸಾಯುವವರೇ ಹೆಚ್ಚು, ವರ್ಷಕ್ಕೆ 150 ಮಂದಿ ಎಂದು ಪತ್ರಿಕೆಯಲ್ಲಿ ಓದಿದ್ದೆ. ಇದು ನಿಜವೇ?
(ಕಿರಾಣಿ ವ್ಯಾಪಾರಿ, ಗದಗ)

ಉತ್ತರ: ಆ ಸಂಖ್ಯೆಗೆ ಆಧಾರವಿಲ್ಲ. ಪೀಟರ್ ಬಾರ್ಸ್ ಎಂಬ ವೈದ್ಯರು ಪಪುವಾ ನ್ಯೂಗಿನಿಯ ಆಸ್ಪತ್ರೆಯೊಂದಕ್ಕೆ ತೆಂಗಿನಕಾಯಿ ಬಿದ್ದು ಗಾಯಗೊಂಡು ಬಂದವರ ಬಗ್ಗೆ 1984ರಲ್ಲಿ ಒಂದು ಲೇಖನ ಬರೆದರು. ಅದು ಆ ಒಂದು ಆಸ್ಪತ್ರೆಯ ನಾಲ್ಕು ವರ್ಷಗಳ ಅನುಭವ. ಜಗತ್ತಿನ ಲೆಕ್ಕ ಅದರಲ್ಲಿರಲಿಲ್ಲ. 2002ರಲ್ಲಿ ಬ್ರಿಟನ್ನಿನ ಪ್ರವಾಸ ವಿಮೆಯ ಕಂಪನಿಯೊಂದು ತನ್ನ ಪತ್ರಿಕಾ ಪ್ರಕಟಣೆಯಲ್ಲಿ 150 ಎಂದಿತು, ಪತ್ರಿಕೆಗಳು ಎತ್ತಿಕೊಂಡವು, ಶಾರ್ಕುಗಳ ಪರವಾಗಿ ಮಾತನಾಡುವವರೂ ಅದನ್ನೇ ಉದ್ಧರಿಸಿದರು. ಹೆದರಿಸುವ ಸುದ್ದಿಯಲ್ಲಿ ಮಾತ್ರವಲ್ಲ, ಧೈರ್ಯ ಹೇಳುವ ಸುದ್ದಿಯಲ್ಲೂ ಸುಳ್ಳು ಸಂಖ್ಯೆ ನುಸುಳುತ್ತದೆ. ಎರಡನೆಯದು ನಮಗೆ ಇಷ್ಟವಾಗುವ ಕಾರಣ ಅದನ್ನು ಯಾರೂ ಪರಿಶೀಲಿಸಲು ಹೋಗುವುದಿಲ್ಲ.

ಇಂಥ ಹೋಲಿಕೆಗಳಲ್ಲಿ ಇನ್ನೊಂದು ದೋಷವೂ ಇದೆ. ನಮ್ಮ ದೇಶದಲ್ಲಿ ಸಿಡಿಲು ಬಡಿದು ಸಾಯುವವರು ವರ್ಷಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು. ‘ಶಾರ್ಕಿಗಿಂತ ಸಿಡಿಲು ಅಪಾಯಕಾರಿ’ ಎಂದು ಬರೆದರೆ ಸಂಖ್ಯೆ ಸರಿಯೇ, ಆದರೆ ಏಪ್ರಿಲ್ ತಿಂಗಳಿನ ಸಂಜೆ ಬಯಲಿನಲ್ಲಿ ಕುರಿ ಕಾಯುವವರಿಗೂ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ತಮಗೂ ಸಿಡಿಲಿನ ಅಪಾಯ ಒಂದೇ ಅಲ್ಲ. ಹಾಗೆಯೇ ಕಡಲಿಗೆ ಇಳಿಯದ ಗದುಗಿನವರಿಗೆ ಶಾರ್ಕಿನ ಅಪಾಯ ಸೊನ್ನೆ. ನಿತ್ಯ ಮುಳುಗಿ ಚಿಪ್ಪು ತೆಗೆಯುವವರಿಗೆ ಸೊನ್ನೆಯಲ್ಲ. ಛೇದದಲ್ಲಿ ದೇಶದ ಜನಸಂಖ್ಯೆಯನ್ನು ಹಾಕಬೇಕೋ, ನೀರಿಗೆ ಇಳಿದವರ ಸಂಖ್ಯೆಯನ್ನೋ ಎಂಬುದು ಮೊದಲು ತೀರ್ಮಾನವಾಗಬೇಕು.

ಪ್ರಶ್ನೆ: ಶಾರ್ಕ್ ಹೊಳೆಯಲ್ಲೂ ಬರುತ್ತದೆಯಂತೆ. ನಮ್ಮ ವರದಾ ನದಿಗೆ ಬರಬಹುದೇ?
(ರೈತ, ಹಾವೇರಿ ತಾಲ್ಲೂಕು)

ಉತ್ತರ: ಬರಲಾರದು. ಬುಲ್ ಶಾರ್ಕ್ ಎಂಬ ಒಂದು ಜಾತಿ ಸಿಹಿನೀರನ್ನೂ ತಾಳಿಕೊಳ್ಳುತ್ತದೆ, ಭರತ ಇಳಿತಗಳಿರುವ ನದಿಮುಖದಿಂದ ಒಳಕ್ಕೆ ಈಜಿ ಬರುತ್ತದೆ. 2024ರಲ್ಲಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ವೈತರಣಾ ನದಿಯಲ್ಲಿ ಒಬ್ಬರನ್ನು ಶಾರ್ಕ್ ಕಡಿದದ್ದು ಹಾಗೆಯೇ. ಅದು ಕಡಲಿಗೆ ಹತ್ತಿರದ ನದಿ. ತಮ್ಮ ವರದೆ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರಿ, ಅಲ್ಲಿಂದ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಡುವೆ ಹೊಸಪೇಟೆಯ ಜಲಾಶಯ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಬ್ಯಾರೇಜು ಇವೆ. ತುಂಗಭದ್ರೆಯಲ್ಲಿ ಮೊಸಳೆಗಳಿವೆ, ಆ ಎಚ್ಚರ ಇರಲಿ.

ಪ್ರಶ್ನೆ: ಅಂದರೆ ಪತ್ರಿಕೆಗಳು ಸುಮ್ಮನಿರಬೇಕೇ? ಮನೆಯ ಮಗನನ್ನು ಕಳೆದುಕೊಂಡವರ ಮುಂದೆ ನಿಮ್ಮ ಅಂಶ, ಛೇದದ ಲೆಕ್ಕ ಹೇಳಲಾಗುತ್ತದೆಯೇ? 2021ರಲ್ಲಿ ನೃಪತುಂಗ ಬೆಟ್ಟದಲ್ಲಿ ಚಿರತೆ ಬಂದಾಗ ಸುದ್ದಿ ಮಾಡದಿದ್ದರೆ ನಾವು ಬೆಳಗಿನ ವಾಕಿಂಗ್ ಹೋಗಿ ಅದರ ಬಾಯಿಗೆ ಬೀಳುತ್ತಿದ್ದೆವು.
(ಓದುಗರು, ರಾಜನಗರ, ಹುಬ್ಬಳ್ಳಿ)

ಉತ್ತರ: ಕಳೆದುಕೊಂಡವರ ಮುಂದೆ ಲೆಕ್ಕ ಹೇಳಲಾಗುವುದಿಲ್ಲ, ಹೇಳಲೂಬಾರದು. ತಮ್ಮ ಸಿಟ್ಟು ನ್ಯಾಯವಾದದ್ದು. ಚಿರತೆಯ ಸುದ್ದಿ ಮಾಡಿದ್ದೂ ಸರಿಯೇ: ಆ ಸೆಪ್ಟೆಂಬರಿನಲ್ಲಿ ಯಾವ ಬೆಟ್ಟ, ಯಾವ ಹೊತ್ತು, ಯಾವ ಶಾಲೆಗಳಿಗೆ ರಜೆ, ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಊರಿನವರಿಗೆ ಬೇಕಾದ ಮಾಹಿತಿ. ಸ್ಥಳೀಯ ಪತ್ರಿಕೆ ಇರುವುದೇ ಅದಕ್ಕಾಗಿ. ಆದರೆ ಧಾರವಾಡ ಸಮೀಪದ ಕವಲಗೇರಿಯಲ್ಲಿ ಒಂದು ಚಿರತೆ ಬೋನಿಗೆ ಬೀಳುವವರೆಗೆ ನಮ್ಮ ಮೊಬೈಲುಗಳಲ್ಲಿ ಎಷ್ಟು ಚಿರತೆಗಳು ಓಡಾಡಿದವು ಎಂಬುದನ್ನೂ ತಾವು ಮರೆತಿರಲಿಕ್ಕಿಲ್ಲ.

ನನ್ನ ತಕರಾರು ಯಾವ ಸಾವಿಗೆ ಎಷ್ಟು ಕಾಲಂ ಎಂಬ ಹಂಚಿಕೆಯ ಬಗ್ಗೆ. ನಮ್ಮ ದೇಶದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಂದಾಜಿಸಿದೆ. ನಮ್ಮ ಜಿಲ್ಲಾ ಪುಟಗಳಲ್ಲಿ ಅದು ‘ಹಾವು ಕಚ್ಚಿ ರೈತ ಸಾವು’ ಎಂಬ ಒಂದು ಕಾಲಮಿನ ನಾಲ್ಕು ಸಾಲು. ನಾನೇ ಎಷ್ಟೋ ಸಲ ಅದನ್ನು ಮೂರಕ್ಕೆ ಇಳಿಸಿದ್ದೇನೆ. ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇತ್ತು, ಎಷ್ಟು ಹೊತ್ತಿಗೆ ತಲುಪಿದರು ಎಂಬುದು ಆ ಸಾಲುಗಳಲ್ಲಿ ಇರುತ್ತಿರಲಿಲ್ಲ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ ಆದೇಶಿಸಿದ್ದು 2024ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ನಮಗೆ ಸರಿಯಾದ ಅಂಶವೂ ಗೊತ್ತಿರಲಿಲ್ಲ.

ಒಳ್ಳೆಯ ಉದಾಹರಣೆಯೂ ನಮ್ಮಲ್ಲೇ ಇದೆ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಎರಡೇ ಪಥದ್ದಾಗಿದ್ದ ಕಾಲದಲ್ಲಿ ಇಲ್ಲಿನ ಪತ್ರಿಕೆಗಳು ಅಪಘಾತವಾದಾಗಲೆಲ್ಲ ಹಿಂದಿನವುಗಳನ್ನೂ ಸೇರಿಸಿ ಲೆಕ್ಕ ಕೊಡುತ್ತಿದ್ದವು. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನಕ್ಕೆ ಟಿಪ್ಪರ್ ಡಿಕ್ಕಿಯಾದಾಗ, ಅದು ಒಂದು ದಿನದ ಕಣ್ಣೀರಿನ ಸುದ್ದಿಯಾಗಿ ಮುಗಿಯದೆ, ರಸ್ತೆ ಏಕೆ ಅಷ್ಟು ಕಿರಿದು ಎಂಬ ಪ್ರಶ್ನೆಯಾಗಿ ಉಳಿಯಿತು. ಅಗಲೀಕರಣದ ಕೆಲಸ ಆಮೇಲೆ ಶುರುವಾಯಿತು. ಆ ವರದಿಗಳು ಜನರನ್ನು ಹೆದರಿಸಿದವು ನಿಜ, ಆದರೆ ಭಯದ ಗಾತ್ರ ಅಪಾಯದ ಗಾತ್ರಕ್ಕೆ ಸರಿಹೊಂದುವಂತಿತ್ತು.

ಪ್ರಶ್ನೆ: ಗೋವಾಕ್ಕೆ ಹೋದಾಗ ಹೋಟೆಲಿನಲ್ಲಿ ‘ಮೋರಿ’ ಎಂಬ ಮೀನಿನ ಅಂಬೊಟ್ ತಿಕ್ ತಿಂದೆ. ಅದು ಶಾರ್ಕ್ ಎಂದು ಗೆಳೆಯರು ಈಗ ಚೇಷ್ಟೆ ಮಾಡುತ್ತಿದ್ದಾರೆ. ಹೌದೇ?
(ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಗೆಳೆಯರು ಹೇಳಿದ್ದು ನಿಜ. ಕೊಂಕಣಿಯಲ್ಲಿ ಮೋರಿ ಎಂದರೆ ಶಾರ್ಕ್, ಸಾಮಾನ್ಯವಾಗಿ ಸಣ್ಣ ಜಾತಿಯದು. ಮನುಷ್ಯರು ವರ್ಷಕ್ಕೆ ಸುಮಾರು ಹತ್ತು ಕೋಟಿ ಶಾರ್ಕುಗಳನ್ನು ಕೊಲ್ಲುತ್ತಾರೆಂದು 2013ರಲ್ಲಿ ವಿಜ್ಞಾನಿಗಳು ಅಂದಾಜಿಸಿದ್ದರು, ಮತ್ತು ಅತಿ ಹೆಚ್ಚು ಹಿಡಿಯುವ ದೇಶಗಳ ಸಾಲಿನಲ್ಲಿ ಇಂಡೊನೇಷ್ಯಾದ ಜೊತೆಗೆ ಭಾರತವೂ ಇದೆ. ಅದೇ ವರ್ಷ ಅಮೆರಿಕ ಮತ್ತು ಆಸ್ಟ್ರೇಲಿಯದ ಪತ್ರಿಕೆಗಳ 300 ಶಾರ್ಕ್ ಲೇಖನಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಆ ಲೇಖನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಶಾರ್ಕ್ ಮನುಷ್ಯನನ್ನು ಕಡಿದದ್ದರ ಬಗ್ಗೆ ಇದ್ದವು. ತಾವು ಊಟ ಮಾಡಿದ ಸಂಗತಿ ಯಾವ ಪತ್ರಿಕೆಯಲ್ಲೂ ಬರಲಿಲ್ಲವಲ್ಲ, ಅಷ್ಟರ ಮಟ್ಟಿಗೆ ಗೆಳೆಯರ ಚೇಷ್ಟೆಯನ್ನು ಸಹಿಸಿಕೊಳ್ಳಿ. ಆದರೆ ತಿಮಿಂಗಿಲ ಶಾರ್ಕನ್ನು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಿದ್ದಾರೆ. ಅದನ್ನು ಹಿಡಿಯುವುದು ಅಪರಾಧ. ಅದು ಬಸ್ಸಿನಷ್ಟು ಉದ್ದ ಬೆಳೆದರೂ ಸಣ್ಣ ಸೀಗಡಿಯಂಥ ಜೀವಿಗಳನ್ನು ಸೋಸಿ ತಿಂದು ಬದುಕುತ್ತದೆ, ಹಾಗಾಗಿ ತಲೆಬರಹಕ್ಕೆ ಏರಿದ್ದು ಬಹಳ ಕಡಿಮೆ.